ಕವುಚಿದ ಪಾತ್ರೆ ಮತ್ತು ನನ್ನ ಕೆಂಪು ಬನಿಯನ್

ಕಿಟ್ಟಣ್ಣ ತೀರಿಕೊಂಡರು. ಫೆಬ್ರವರಿ ಹನ್ನೊಂದು, ಬುಧವಾರ, ಬೆಳಿಗ್ಗೆ ಆರರ ಸುಮಾರಿಗೆ, ಮೈಲಾಪೂರಿನ ತಮ್ಮ ಹೋಟೆಲಿನಲ್ಲಿ, ಗಲ್ಲಾದ ಹಿಂದಿನ ಕುರ್ಚಿಯಲ್ಲಿ ಕೂತಲ್ಲೇ. ಹೃದಯ ನಿಂತಿತು ಎಂದರು ಡಾಕ್ಟರು. ವಯಸ್ಸು ಅರವತ್ತೊಂದು.

ಅವರ ಬಗ್ಗೆ ನಾಲ್ಕು ಪುಟ ಬರೆದುಕೊಡಿ, ಆದರೆ ಅಳಿಸಬೇಡಿ, ನೀವು ಹಾಸ್ಯ ಬರೆಯುವವರಲ್ಲವೇ ಎಂದು ನಮ್ಮ ಕನ್ನಡ ಸಂಘದ ಪತ್ರಿಕೆಯವರು ಕೇಳಿದ್ದಾರೆ. ಬರೆಯುತ್ತೇನೆ. ನಗಿಸಲು ನನ್ನ ಹತ್ತಿರ ಇರುವ ಸರಕು ಒಂದೇ. ಅದು ನಾನು. ಕಿಟ್ಟಣ್ಣನವರೂ ಇಪ್ಪತ್ತು ವರ್ಷ ಅದನ್ನೇ ನೋಡಿ ನಕ್ಕವರು. ಹಾಗಾಗಿ, ಹದಿನಾರು ತಿಂಗಳಿನಿಂದ ಯಾರಿಗೂ ಹೇಳದೆ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ಒಂದು ಸಂಗತಿಯನ್ನು ಇಲ್ಲಿ ಹೇಳಿಬಿಡುತ್ತೇನೆ. ಬರ್ಮಾ ದೇಶದ ಸ್ವಾತಂತ್ರ್ಯ ಹೋರಾಟಕ್ಕೆ, ಮತ್ತು ಕಿಟ್ಟಣ್ಣನವರಿಗೆ, ಏಕಕಾಲಕ್ಕೆ ನಾನು ಮಾಡಿದ ದ್ರೋಹದ ಕಥೆ ಇದು. (ಹೆಂಡತಿಗೂ ಈ ಪತ್ರಿಕೆ ಕೈಗೆ ಸಿಕ್ಕಿದಾಗಲೇ ಗೊತ್ತಾಗುವುದು. ಆಮೇಲೆ ನನ್ನ ಬಗ್ಗೆಯೂ ಯಾರಾದರೂ ನಾಲ್ಕು ಪುಟ ಬರೆಯಬೇಕಾಗಬಹುದು.)

ಕಿಟ್ಟಣ್ಣ ಕುಂದಾಪುರದ ಕಡೆಯವರು. ಕಪಾಲಿ ದೇವಸ್ಥಾನದ ಕೊಳದ ಹಿಂದಿನ ಬೀದಿಯಲ್ಲಿ ಮೂವತ್ತೆರಡು ವರ್ಷ ಹೋಟೆಲ್ ನಡೆಸಿದರು. ನಾನು ಮಂಡ್ಯದಿಂದ ಕೇಂದ್ರ ಸರ್ಕಾರದ ಕೆಲಸ ಹಿಡಿದು ಮದರಾಸಿಗೆ ಬಂದಾಗ ಹೋಟೆಲಿನ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಮದುವೆಯಾದ ಮೇಲೆ ಎರಡು ಬೀದಿ ಆಚೆ ಫ್ಲಾಟು ಹಿಡಿದೆನಾದರೂ ಬೆಳಗಿನ ಕಾಫಿ ಮಾತ್ರ ಅಲ್ಲೇ. ಹೇಗಿದ್ದೀರಿ ಎಂದು ಕಿಟ್ಟಣ್ಣ ಯಾರನ್ನೂ ಕೇಳಿದ್ದನ್ನು ನಾನು ಕಾಣೆ. ಅವರ ಪ್ರಶ್ನೆ ಒಂದೇ: ಊಟ ಆಯ್ತಾ? ಬೆಳಿಗ್ಗೆ ಏಳಕ್ಕೂ ಅದೇ, ಸಂಜೆ ಐದಕ್ಕೂ ಅದೇ. ಅವರ ಹೋಟೆಲಿನಲ್ಲೇ ಊಟ ಮುಗಿಸಿ, ಕೈ ಒರೆಸುತ್ತ ಗಲ್ಲಾಕ್ಕೆ ಬಂದವನನ್ನೂ ಊಟ ಆಯ್ತಾ ಎಂದು ಕೇಳುತ್ತಿದ್ದರು. ಅವನು ಕಕ್ಕಾಬಿಕ್ಕಿಯಾಗಿ ಆಯಿತು ಎಂದರೆ ತೃಪ್ತಿಯಿಂದ ತಲೆಯಾಡಿಸುತ್ತಿದ್ದರು, ಅದು ಎಲ್ಲಿ ಆಯಿತೆಂಬುದು ತಮಗೆ ಗೊತ್ತೇ ಇಲ್ಲವೆಂಬಂತೆ.

ಎರಡು ಸಾವಿರದ ಏಳರಲ್ಲಿ ಹೋಟೆಲಿಗೆ ಬಿಲ್ಲು ಹಾಕಲು ಕಂಪ್ಯೂಟರ್ ಬಂತು. ಇಂಜಿನಿಯರಿಂಗ್ ಓದುತ್ತಿದ್ದ ಮಗಳು ಪ್ರಣಮ್ಯಾ ಅದಕ್ಕೆ ಇಂಟರ್ನೆಟ್ ಹಾಕಿಸಿ, ಅಪ್ಪನಿಗೆ ಆರ್ಕುಟ್‌ನಲ್ಲಿ ಒಂದು ಖಾತೆ ತೆರೆದುಕೊಟ್ಟಳು. ಈಗಿನವರಿಗೆ ಹೇಳಬೇಕಾಗಿಲ್ಲ, ಹಿರಿಯರಿಗಾಗಿ ಹೇಳುತ್ತೇನೆ. ಅದೊಂದು ಊರಿನ ಕಟ್ಟೆಯಂಥದ್ದು. ಕೂತಲ್ಲಿಂದಲೇ ಲೋಕದ ಜೊತೆ ಹರಟಬಹುದು. ಕಿಟ್ಟಣ್ಣ ಒಂದು ಬೆರಳಿನಲ್ಲಿ ಟೈಪು ಮಾಡಲು ಕಲಿತರು. ಮುಂಬಯಿ, ದುಬೈ, ಹುಬ್ಬಳ್ಳಿಯ ಹೋಟೆಲಿನವರೆಲ್ಲ ಸೇರಿ ಹನ್ನೊಂದು ಜನ ಮಿತ್ರರಾದರು. ಲೋಕ ಅವರಿಗೆ ಅಲ್ಲಿಗೆ ಮುಗಿದಿತ್ತು.

ಸೆಪ್ಟೆಂಬರ್‌ನಲ್ಲಿ ಒಂದು ಬೆಳಿಗ್ಗೆ ನಾನು ಕಾಫಿಗೆ ಹೋದಾಗ ಕಿಟ್ಟಣ್ಣ ಪರದೆಯ ಮೇಲೆ ಒಂದು ಚಿತ್ರ ನೋಡುತ್ತ ಕೂತಿದ್ದರು. ರಂಗೂನಿನ ಬೀದಿ. ನೂರಾರು ಬೌದ್ಧ ಭಿಕ್ಷುಗಳು ಸಾಲಾಗಿ ನಡೆಯುತ್ತಿದ್ದಾರೆ. ಮುಂದಿನವನ ಕೈಯಲ್ಲಿ ಭಿಕ್ಷಾಪಾತ್ರೆ ಇದೆ, ಆದರೆ ಕವುಚಿ ಹಿಡಿದಿದ್ದಾನೆ. ನಾನು ಪತ್ರಿಕೆ ಓದುವವನಾದ್ದರಿಂದ ವಿವರಿಸಿದೆ. ಅಲ್ಲಿ ಸೈನ್ಯದ ಆಡಳಿತ. ಜನ ದಂಗೆ ಎದ್ದಿದ್ದಾರೆ. ಸೇನೆಯವರು ಕೊಡುವ ಭಿಕ್ಷೆ ನಮಗೆ ಬೇಡ ಎಂದು ಭಿಕ್ಷುಗಳು ಪಾತ್ರೆ ಕವುಚಿದ್ದಾರೆ.

ನಾನು ಅಲ್ಲಿಂದ ಪ್ರಜಾಪ್ರಭುತ್ವದ ಮೂಲ, ವಸಾಹತುಶಾಹಿಯ ಪರಿಣಾಮ ಎಂದೆಲ್ಲ ಮುಂದುವರಿದಿದ್ದೆ. ಕಿಟ್ಟಣ್ಣ ಪಾತ್ರೆಯ ಹತ್ತಿರವೇ ನಿಂತುಬಿಟ್ಟಿದ್ದರು.

"ನೋಡಿ ಮಾರಾಯ್ರೆ, ಗಿರಾಕಿ ಬಯ್ದರೆ ಬೇಜಾರಿಲ್ಲ. ಎದ್ದು ಹೋದರೂ ಅಡ್ಡಿಲ್ಲ. ಹಸಿದವ ಪಾತ್ರೆ ಕವುಚಿ ಹಿಡಿದರೆ ಬಡಿಸುವವ ಮತ್ತೆ ಯಾವ ಮುಖ ಇಟ್ಟುಕೊಂಡು ಸೌಟು ಹಿಡಿಯುವುದು? ಇದಕ್ಕೆ ನಾವು ಎಂತಾದ್ರೂ ಮಾಡಬೇಕು."

ನಾವು ಎಂಬ ಬಹುವಚನದಲ್ಲಿ ನಾನೂ ಇದ್ದೇನೆಂಬುದು ನನಗೆ ಆಗ ಹೊಳೆಯಲಿಲ್ಲ.

ಆರ್ಕುಟ್‌ನಲ್ಲಿ ಬೆಂಬಲಿಗರ ಒಂದು ಬಳಗ ಕಟ್ಟುವುದೆಂದು ತೀರ್ಮಾನವಾಯಿತು. ಶನಿವಾರ, ರಾಹುಕಾಲ ಕಳೆದು ಹತ್ತೂ ಮೂವತ್ತೈದಕ್ಕೆ ಮುಹೂರ್ತ. ಪ್ರಣಮ್ಯಾ ಕಾಲೇಜಿಗೆ ಹೋಗಿದ್ದಳು. ಕಂಪ್ಯೂಟರಿಗೆ ಕುಂಕುಮ ಹಚ್ಚಿ, ಮಲ್ಲಿಗೆ ಮುಡಿಸಿ, ಕಾಯಿ ಒಡೆದು (ನೀರು ಕೀಬೋರ್ಡಿಗೆ ಹಾರಿ 'ಎಚ್' ಅಕ್ಷರ ಒಂದು ವಾರ ಮುಷ್ಕರ ಹೂಡಿತು) ಕಿಟ್ಟಣ್ಣ ಗುಂಡಿ ಒತ್ತಿದರು. ಧ್ಯೇಯೋದ್ದೇಶಗಳನ್ನು ಇಂಗ್ಲಿಷಿನಲ್ಲಿ ಬರೆಯುವ ಹೊಣೆ ನನ್ನದು. ಇಪ್ಪತ್ತು ವರ್ಷ ಸರ್ಕಾರಿ ಕಡತದಲ್ಲಿ ಅದುಮಿಟ್ಟಿದ್ದ ಪಾಂಡಿತ್ಯವೆಲ್ಲ ಕಟ್ಟೆಯೊಡೆದು ಹರಿಯಿತು. ಸ್ವಾತಂತ್ರ್ಯದ ಅಖಂಡ ಜ್ಯೋತಿ, ದಬ್ಬಾಳಿಕೆಯ ಕಬ್ಬಿಣದ ಪಾದ, ಏಷ್ಯಾದ ಎಚ್ಚೆತ್ತ ಆತ್ಮಸಾಕ್ಷಿ ಎಂಬ ಅರ್ಥ ಬರುವ ಮಾತುಗಳು ಎರಡು ಪುಟ ತುಂಬಿದವು. ಕೊನೆಗೆ ಸಹಿಯ ಜಾಗದಲ್ಲಿ, ಯಾವ ದುರ್ಬುದ್ಧಿಯೋ, 'ಭಾರತ ಸರ್ಕಾರದ ಒಬ್ಬ ವಿನಮ್ರ ಸೇವಕ' ಎಂದು ಸೇರಿಸಿದೆ. ಕಿಟ್ಟಣ್ಣ ಓದಿಸಿ ಕೇಳಿ, ಚೆನ್ನಾಗಿದೆ, ಆದರೆ ಇದರಲ್ಲಿ ಊಟದ ವಿಷಯ ಎಲ್ಲಿ ಬಂತು ಎಂದರು. ಅದು ಒಳಾರ್ಥದಲ್ಲಿದೆ ಎಂದೆ.

ಮನೆಯಲ್ಲಿ ಸುದ್ದಿ ಹೇಳಿದೆ. ನನ್ನ ಹೆಂಡತಿಯ ಹೆಸರು ಮೌನ. ಇಟ್ಟವರು ಅವಳ ತಂದೆ, ಮಗು ಮಾತು ಕಲಿಯುವ ಮೊದಲು.

"ಬರ್ಮಾಕ್ಕೆ ಸ್ವಾತಂತ್ರ್ಯ ಕೊಡ್ಸೋರು ಮೊದ್ಲು ಒಂದು ಗ್ಯಾಸ್ ಬುಕ್ ಮಾಡಿ. ಮೂರು ದಿನದಿಂದ ಬಡ್ಕೋತಿದೀನಿ," ಎಂದಳು. ಆಮೇಲೆ ದನಿ ಇಳಿಸಿ, "ಪ್ರಮೋಷನ್ ಫೈಲು ಮೇಲ್ಗಡೆ ಹೋಗಿರೋ ಟೈಮಲ್ಲಿ ಇದೆಲ್ಲ ಬೇಕಿತ್ತೇನ್ರೀ ನಿಮ್ಗೆ?"

ಅಲ್ಲಿಂದ ಹುಟ್ಟಿತು ನನ್ನ ಭಯ. ಒಂಬತ್ತು ವರ್ಷ ಕಾದ ಬಡ್ತಿ. ಕಡತ ವಿಜಿಲೆನ್ಸ್ ವಿಭಾಗದ ಒಪ್ಪಿಗೆಗೆ ಹೋಗಿ ಕೂತಿತ್ತು. ಸರ್ಕಾರಿ ನೌಕರ ರಾಜಕೀಯ ಚಳವಳಿಯಲ್ಲಿ ತೊಡಗಬಾರದು ಎಂಬ ನಿಯಮ ನನಗೆ ಬಾಯಿಪಾಠ. ಇತರರಿಗೆ ಅದನ್ನು ಉಲ್ಲೇಖಿಸಿ ಮೆಮೊ ಬರೆದವನೇ ನಾನು. ಅದರ ಮೇಲೆ ಇದು ಮದರಾಸು, ಲಂಕೆಯಲ್ಲಿ ಯುದ್ಧ ನಡೆಯುತ್ತಿದ್ದ ಕಾಲ. ಸಮುದ್ರದಾಚೆಯ ಹೋರಾಟ ಎಂಬ ಮಾತನ್ನು ಇಲ್ಲಿ ಯಾರೂ ಎತ್ತರದ ದನಿಯಲ್ಲಿ ಆಡುವುದಿಲ್ಲ. ಯಾವ ಸಮುದ್ರ, ಯಾವ ದ್ವೀಪ ಎಂದು ವಿಚಾರಿಸಲು ಸಾದಾ ಬಟ್ಟೆಯ ಇಬ್ಬರು ಮನೆಗೆ ಬಂದು ಕಾಫಿ ಕುಡಿಯದೆ ಹೋಗುತ್ತಾರೆ ಎಂದು ಪ್ರತೀತಿ. ಆದರೂ ಧೈರ್ಯ ತಂದುಕೊಂಡೆ. ಬಳಗದ ಯಜಮಾನರು ಕಿಟ್ಟಣ್ಣ. ನಾನು ಬರೀ ಗುಮಾಸ್ತ. ಭಾರತದಲ್ಲಿ ಗುಮಾಸ್ತನನ್ನು ಯಾರೂ ನೇಣಿಗೆ ಹಾಕಿಲ್ಲ.

ಮಂಗಳವಾರ ಪ್ರಣಮ್ಯಾ ಪರದೆ ನೋಡಿ ನಕ್ಕಳು.

"ಅಂಕಲ್, ಓನರ್ ಅಪ್ಪ ಇಲ್ಲ. ನೀವುದಾ, ನೀವೇ. ಅವತ್ತು ನಿಮ್ಮ ಅಕೌಂಟ್ ಓಪನ್ ಇದ್ದಿರಬೇಕು."

ನಿಜ. ಶನಿವಾರ ಕಾಯಿ ಒಡೆಯುವ ಮೊದಲು ನಾನು ನನ್ನ ಖಾತೆ ತೆರೆದು ನೋಡಿ, ಮುಚ್ಚಲು ಮರೆತಿದ್ದೆ. ಪುಟದ ಮೇಲೆ ಯಜಮಾನ ಎಂಬಲ್ಲಿ ನನ್ನ ಹೆಸರು, ಪಕ್ಕದಲ್ಲಿ ನನ್ನ ಚಿತ್ರ, ಊಟಿಯಲ್ಲಿ ಮಂಗನ ಟೋಪಿ ಮತ್ತು ಕಪ್ಪು ಕನ್ನಡಕ ಹಾಕಿಕೊಂಡಿದ್ದು. ಯಾವ ದೇಶದ ಪೊಲೀಸರು ನೋಡಿದರೂ ಇವನೇ ಎನ್ನುವಂಥ ಚಿತ್ರ. ಇದನ್ನು ಅಪ್ಪನ ಹೆಸರಿಗೆ ಬದಲಾಯಿಸಬಹುದು ಎಂದಳು ಪ್ರಣಮ್ಯಾ. ಕಿಟ್ಟಣ್ಣ, ಇರಲಿ, ಅವರು ಓದಿದವರು, ಅವರ ಹೆಸರಿದ್ದರೇ ಶೋಭೆ ಎಂದರು. ನಾನು ಒಪ್ಪಿಕೊಂಡೆ. ನಾಚಿಕೆ ಬಿಟ್ಟು ಹೇಳುವುದಾದರೆ, ಆಗಲೇ ನಲವತ್ತು ಜನ ಸೇರಿದ್ದರು, ಮತ್ತು ಸಂಸ್ಥಾಪಕ ಎನ್ನಿಸಿಕೊಳ್ಳುವುದು ನನ್ನ ಜೀವನದಲ್ಲಿ ಅದೇ ಮೊದಲು.

ಸೇರಿದವರಲ್ಲಿ ಬಹುಪಾಲು ಕರಾವಳಿಯ ಹೋಟೆಲಿನವರು. ನನ್ನ ಅಖಂಡ ಜ್ಯೋತಿಯ ಕೆಳಗೆ ನಡೆದ ಮೊದಲ ಚರ್ಚೆ ಮಳೆಗಾಲದಲ್ಲಿ ಇಡ್ಲಿ ಹಿಟ್ಟು ಯಾಕೆ ಹುಳಿ ಬರುವುದಿಲ್ಲ ಎಂಬುದು. ಆದರೆ ಅವರ ನಡುವೆ ರಂಗೂನಿನ ಒಬ್ಬನಿದ್ದ. ಕೋ ಟಿನ್ ಎಂದು ಹೆಸರು. ಅಮ್ಮನ ಜೊತೆ ಸಣ್ಣ ಚಹಾದಂಗಡಿ ಇಟ್ಟುಕೊಂಡವನು. ಕೋ ಎಂದರೆ ಅವರ ಭಾಷೆಯಲ್ಲಿ ಅಣ್ಣ ಎಂದು ಅವನೇ ಬರೆದ. ಕಿಟ್ಟಣ್ಣನಿಗೆ ಹಿಗ್ಗೋ ಹಿಗ್ಗು. ನಾನು ಕಿಟ್ಟಣ್ಣ, ಅವ ಟಿನ್ನಣ್ಣ ಎಂದು ಸಪ್ಲೈಯರ್‌ಗಳನ್ನೆಲ್ಲ ಕರೆದು ಹೇಳಿದರು. ಇಬ್ಬರ ಇಂಗ್ಲಿಷೂ ಒಂದೇ ಮಟ್ಟದ್ದಾದ್ದರಿಂದ ಚೆನ್ನಾಗಿ ಅರ್ಥವಾಗುತ್ತಿತ್ತು. ಚಹಾಕ್ಕೆ ಡಬ್ಬಿ ಹಾಲು ಎಷ್ಟು, ಚಹಾದ ಸೊಪ್ಪು ಎಷ್ಟು ಹೊತ್ತು ಕುದಿಯಬೇಕು ಎಂದು ಇವರು ಕೇಳಿದರು. ಸಾಂಬಾರಿಗೆ ಏನು ಹಾಕುತ್ತೀರಿ ಎಂದು ಅವನು ಕೇಳಿದ. ಪಾತ್ರೆ ಕವುಚಿದ್ದರಿಂದ ನಿನ್ನ ಅಮ್ಮನಿಗೆ ಬೇಸರವಾಗಲಿಲ್ಲವೇ ಎಂದು ಕಿಟ್ಟಣ್ಣ ವಿಚಾರಿಸಿದಾಗ ಬಂದ ಉತ್ತರವನ್ನು ಅವರು ನನ್ನಿಂದ ಮೂರು ಸಲ ಓದಿಸಿದರು: ಭಿಕ್ಷುಗಳು ಸೈನ್ಯದವರಿಂದ ಮಾತ್ರ ತೆಗೆದುಕೊಳ್ಳುವುದಿಲ್ಲ. ನಮ್ಮಿಂದ ತೆಗೆದುಕೊಳ್ಳುತ್ತಾರೆ. ಅಮ್ಮ ಈಗ ದಿನಾ ಎರಡು ಪಾಲು ಅನ್ನ ಮಾಡುತ್ತಾಳೆ.

ಅವತ್ತು ಕಿಟ್ಟಣ್ಣ ಬಂದವರಿಗೆಲ್ಲ ಒಂದೊಂದು ವಡೆ ಹೆಚ್ಚಿಗೆ ಹಾಕಿಸಿದರು.

ಬುಧವಾರ ರಂಗೂನಿನಲ್ಲಿ ಗುಂಡು ಹಾರಿತು. ಗುರುವಾರ ಟಿನ್ ಒಂದೇ ಸಾಲು ಬರೆದ: ಅಂಗಡಿ ಮುಚ್ಚಿದ್ದೇವೆ, ನಾಳೆ ಬರೆಯುತ್ತೇನೆ. ಆ ನಾಳೆಗಾಗಿ ಕಿಟ್ಟಣ್ಣ ಶುಕ್ರವಾರ ಬೆಳಿಗ್ಗೆ ಐದರಿಂದಲೇ ಕಂಪ್ಯೂಟರಿನ ಮುಂದೆ ಕೂತರು. ಏನೂ ಬರಲಿಲ್ಲ. ಅಲ್ಲಿ ಇಂಟರ್ನೆಟ್ಟೇ ಕತ್ತರಿಸಿದ್ದಾರೆಂದು ಆಮೇಲೆ ಗೊತ್ತಾಯಿತು.

ಆ ಶುಕ್ರವಾರವೇ ಕೆಂಪು ಅಂಗಿಯ ದಿನ. ಬರ್ಮಾದವರ ಬೆಂಬಲಕ್ಕೆ ಲೋಕದವರೆಲ್ಲ ಶುಕ್ರವಾರ ಕೆಂಪು ತೊಡಿ ಎಂಬ ಸಂದೇಶ ಮೊಬೈಲಿನಿಂದ ಮೊಬೈಲಿಗೆ ಹಾರಿ ಮೈಲಾಪೂರಿಗೂ ಬಂದಿತ್ತು. ಕಿಟ್ಟಣ್ಣ ಎಂಟು ಜನ ಸಪ್ಲೈಯರ್‌ಗಳಿಗೂ ಕೆಂಪು ಅಂಗಿ ಹೊಲಿಸಿದರು. ಹೆಂಡತಿ ರತ್ನಾವತಿಯಮ್ಮ ಕೆಂಪು ಸೀರೆ ಉಟ್ಟು ಬಂದು ಗಲ್ಲಾದ ಪಕ್ಕ ಕೂತರು. ಗಿರಾಕಿಗಳಲ್ಲಿ ಕೆಲವರು ಮುಷ್ಕರವೆಂದು ತಿಳಿದು ಬಾಗಿಲಿಂದಲೇ ತಿರುಗಿದರು. ಕೆಲವರು ಯಾವ ಅಮ್ಮನ ಹರಕೆ ಎಂದು ಕೈ ಮುಗಿದರು. ಪ್ರತಿ ಮೇಜಿಗೂ ಸಾಂಬಾರಿನ ಜೊತೆಗೆ ರಂಗೂನಿನ ವಿಷಯ ಬಡಿಸಲಾಯಿತು.

ನನಗೂ ಕೆಂಪು ಕಡ್ಡಾಯ. ನಾನು ಸಂಸ್ಥಾಪಕ. ಆದರೆ ಕೆಂಪು ಅಂಗಿ ತೊಟ್ಟು ಕಚೇರಿಗೆ ಹೋಗುವುದೆಂದರೆ ವಿಜಿಲೆನ್ಸ್‌ನವರಿಗೆ ನಾನೇ ಬಾವುಟ ತೋರಿಸಿದಂತೆ. ಗುರುವಾರ ಇಡೀ ಯೋಚಿಸಿ ಒಂದು ಮಧ್ಯಮ ಮಾರ್ಗ ಕಂಡುಹಿಡಿದೆ. (ಭಿಕ್ಷುಗಳಿಗೂ ಮೆಚ್ಚಿಗೆಯಾಗಬೇಕಾದ ಮಾರ್ಗ.) ಮೇಲೆ ಬಿಳಿ ಅಂಗಿ, ಒಳಗೆ ಕೆಂಪು ಬನಿಯನ್. ಕ್ರಾಂತಿ ಒಳಗೆ, ಬಡ್ತಿ ಹೊರಗೆ. ಮೌನ ಗೊಣಗುತ್ತಲೇ ಅಂಗಡಿಯಿಂದ ಬಣ್ಣದ ಪುಡಿ ತಂದು ಹಳೆಯ ಬನಿಯನ್ನನ್ನು ಬಕೆಟ್ಟಿನಲ್ಲಿ ಅದ್ದಿ ಒಣಗಿಸಿಕೊಟ್ಟಳು.

ಮದರಾಸಿನ ಸೆಪ್ಟೆಂಬರ್ ಬೆವರನ್ನು ನನ್ನ ಲೆಕ್ಕಾಚಾರದಲ್ಲಿ ಸೇರಿಸಿಕೊಂಡಿರಲಿಲ್ಲ. ತಿರುಮಯಿಲೈ ಸ್ಟೇಷನ್ನಿನಲ್ಲಿ ರೈಲು ಹತ್ತಿ, ಬೀಚ್ ಸ್ಟೇಷನ್ನಿನ ಹತ್ತಿರದ ಕಚೇರಿಗೆ ಹೊರಟಿದ್ದೆ. ಲೈಟ್‌ಹೌಸ್ ಕಳೆಯುವಷ್ಟರಲ್ಲಿ ಬೆನ್ನು ತಣ್ಣಗಾಯಿತು. ಚೇಪಾಕ್ ಹೊತ್ತಿಗೆ ಎದುರಿಗೆ ಕೂತಿದ್ದ ಹೂವಿನ ಬುಟ್ಟಿಯ ಮುದುಕಿ ನನ್ನ ಎದೆಯನ್ನೇ ನೋಡುತ್ತಿದ್ದಳು. ಬಗ್ಗಿ ನೋಡಿಕೊಂಡರೆ ಎಡಗಡೆ, ಸರಿಯಾಗಿ ಹೃದಯದ ಮೇಲೆ, ಅಂಗೈಯಗಲದ ಕೆಂಪು ಹರಡಿತ್ತು. ಹಿಂದಿನಿಂದ ಒಬ್ಬ, ರತ್ತಂ ಸಾರ್, ರತ್ತಂ ಎಂದ. ರಕ್ತ ಎಂಬುದು ಯಾವ ಭಾಷೆಯಲ್ಲಾದರೂ ಬೇಗ ಅರ್ಥವಾಗುವ ಪದ. ಡಬ್ಬಿಯೇ ಎದ್ದು ನಿಂತಿತು. ಇಬ್ಬರು ನನ್ನ ತೋಳು ಹಿಡಿದರು. ಪಾರ್ಕ್ ಟೌನಿನಲ್ಲಿ ಇಳಿಸಿ, ಹೊರಗೇ ದೊಡ್ಡಾಸ್ಪತ್ರೆ ಇದೆ ಎಂದು ತೀರ್ಮಾನಿಸಿದರು. ನನಗೇನೂ ಆಗಿಲ್ಲ ಎಂದಷ್ಟೂ, ಆಘಾತವಾದವರು ಹಾಗೆಯೇ ಹೇಳುವುದು ಎಂದು ಅವರು ಪರಸ್ಪರ ಹೇಳಿಕೊಂಡರು.

ಪ್ಲಾಟ್‌ಫಾರಮ್ಮಿನಲ್ಲಿ ರೈಲ್ವೆ ಪೊಲೀಸಿನವನು ಬಂದ. ಗುಂಡಿ ಬಿಚ್ಚಿಸಿ ನೋಡಿದ. ಗಾಯವಿಲ್ಲ. ಆಗ ಅವನ ಮುಖದಲ್ಲಿ ಬೇರೆ ಬಗೆಯ ಅನುಮಾನ ಬಂತು. ಬಿಳಿ ಅಂಗಿಯ ಒಳಗೆ ಯಾಕೆ ಕೆಂಪು ಎಂದು ಕೇಳಿದ. ಬರ್ಮಾ ಎಂಬ ಪದ ನಾಲಗೆಯ ತುದಿಗೆ ಬಂದಿತ್ತು. ಪ್ರಮೋಷನ್ ಅದನ್ನು ಹಿಂದಕ್ಕೆ ತಳ್ಳಿತು.

"ಅಮ್ಮನಿಗೆ ಹರಕೆ ಸಾರ್," ಎಂದೆ ತಮಿಳಿನಲ್ಲಿ.

ಶುಕ್ರವಾರವಾದ್ದರಿಂದ ಅಲ್ಲೇ ಅಮ್ಮನ ಗುಡಿಗೆ ಹೊರಟಿದ್ದ ಕೆಂಪು ಸೀರೆಯ ಭಕ್ತೆಯರ ಒಂದು ಗುಂಪು ರೈಲಿಗೆ ಕಾಯುತ್ತಿತ್ತು. ನನ್ನ ಮಾತು ಅವರ ಕಿವಿಗೆ ಬಿತ್ತು. ಹೊರಗೆ ತೋರಿಸಿಕೊಳ್ಳದೆ ಒಳಗೇ ಅಮ್ಮನನ್ನು ಧರಿಸಿದ ಇಂಥ ಭಕ್ತಿಯನ್ನು ಅವರು ಕಂಡಿರಲಿಲ್ಲವಂತೆ. ಹಿರಿಯಳೊಬ್ಬಳು ನನ್ನ ಹಣೆಗೆ ನಾಲ್ಕಾಣೆ ಅಗಲದ ಕುಂಕುಮ ಇಟ್ಟು, ಜೇಬಿಗೆ ಬೇವಿನ ಸೊಪ್ಪು ಸಿಕ್ಕಿಸಿದಳು. ಪೊಲೀಸಿನವನೂ ಕೈ ಮುಗಿದ.

ಹೀಗೆ ಗುಲಾಬಿ ಅಂಗಿ, ಹಣೆಯಲ್ಲಿ ಕುಂಕುಮ, ಎದೆಯಲ್ಲಿ ಬೇವು ಧರಿಸಿ ಒಂದು ಗಂಟೆ ತಡವಾಗಿ ಕಚೇರಿಯ ಲಿಫ್ಟಿಗೆ ಕಾಲಿಟ್ಟರೆ, ಒಳಗೆ ನಮ್ಮ ವಿಜಿಲೆನ್ಸ್ ಅಧಿಕಾರಿ ಹರಿದಾಸ್. ಪಾಲಕ್ಕಾಡಿನವರು, ಮಾತು ಕಡಿಮೆ. ಮೂರು ಮಹಡಿ ಅವರು ನನ್ನನ್ನು ನೋಡಿದರು, ನಾನು ಮಹಡಿಯ ಅಂಕಿಗಳನ್ನು ನೋಡಿದೆ. ಸಂಜೆ ಒಂದು ಚೀಟಿ ಬಂತು: ಸೋಮವಾರ ಹತ್ತೂವರೆಗೆ ನನ್ನನ್ನು ಕಾಣಿ. ಹರಿದಾಸ್.

ಶನಿವಾರ ನಾನು ತಿನ್ನಲಿಲ್ಲ. ಬಣ್ಣ ನಿಲ್ಲಲು ಉಪ್ಪು ಹಾಕಬೇಕೆಂಬುದು ಮರೆತೇಹೋಯಿತು, ಬರ್ಮಾ ಬರ್ಮಾ ಅಂತ ತಲೆ ತಿಂತಿದ್ರಲ್ಲ ಎಂದು ಮೌನ ತಪ್ಪನ್ನು ನನಗೇ ದಾಟಿಸಿದಳು. ನನ್ನ ಕಣ್ಣ ಮುಂದೆ ಇದ್ದದ್ದು 'ಭಾರತ ಸರ್ಕಾರದ ಒಬ್ಬ ವಿನಮ್ರ ಸೇವಕ' ಎಂಬ ಸಾಲು. ಅದನ್ನು ಮುದ್ರಿಸಿ, ಮಂಗನ ಟೋಪಿಯ ಚಿತ್ರದ ಸಮೇತ, ಕಡತದಲ್ಲಿ ಪೋಣಿಸಿದ್ದಾರೆ ಎಂದೇ ನನ್ನ ಊಹೆ. ಬೀದಿಯಲ್ಲಿ ಬೈಕು ನಿಂತರೆ ಕಿಟಕಿಯ ಹಿಂದೆ ಸರಿಯುತ್ತಿದ್ದೆ.

ಭಾನುವಾರ ಮಧ್ಯಾಹ್ನ, ಮೌನ ಮಲಗಿದ್ದಾಗ, ಮೂಲೆಯ ಇಂಟರ್ನೆಟ್ ಅಂಗಡಿಗೆ ಹೋದೆ. ಬಳಗದಲ್ಲಿ ಅರವತ್ತಮೂರು ಜನ. ಗುರುವಾರದ ನಂತರ ಕಿಟ್ಟಣ್ಣ ಒಬ್ಬರೇ ಬರೆದಿದ್ದರು, ಒಂಬತ್ತು ಸಲ: ಟಿನ್ನಣ್ಣ, ಊಟ ಆಯಿತೇ. ಟಿನ್ನಣ್ಣ, ಊಟ ಆಯಿತೇ. ಅವನನ್ನು ಕರೆಯಲು ಅವರಿಗೆ ಬೇರೆ ದಾರಿ ಇರಲಿಲ್ಲ. ಮೊದಲಿನ ಹನ್ನೊಂದು ಜನ ತಾವಾಗಿಯೇ ಬಂದು ಮಿತ್ರರಾದವರು. ಬೇರೆಯವರನ್ನು ತಾವೇ ಸೇರಿಸಿಕೊಳ್ಳುವುದನ್ನು ಕಿಟ್ಟಣ್ಣ ಇನ್ನೂ ಕಲಿತಿರಲಿಲ್ಲ. ಪ್ರಣಮ್ಯಾ ಹೇಳಿದಂತೆ ಯಜಮಾನಿಕೆಯನ್ನು ಕಿಟ್ಟಣ್ಣನಿಗೆ ದಾಟಿಸಿ ನಾನು ಹೊರಬರಬಹುದಿತ್ತು. ಅದು ಗೊತ್ತಿತ್ತು. ಆದರೆ ಆ ಎರಡು ಪುಟ ಅಲ್ಲೇ ಉಳಿಯುತ್ತದೆ, ಯಾರು ಬರೆದರೆಂಬ ಪ್ರಶ್ನೆ ಏಳುತ್ತದೆ ಎಂದು ಹೆದರಿದೆ. ಅಳಿಸುವ ಗುಂಡಿ ಒತ್ತಿದೆ. ನಿಜವಾಗಿಯೂ ಅಳಿಸಬೇಕೇ ಎಂದು ಅದು ಕೇಳಿತು. ಹೌದು ಎಂದೆ. ಪುಟ ಹೋಯಿತು.

ಸೋಮವಾರ ಹತ್ತೂವರೆಗೆ ಹರಿದಾಸ್ ಬಾಗಿಲು ಮುಚ್ಚಿಸಿದರು. ಮೇಜಿನ ಒಳಗಿಂದ ಒಂದು ಕೆಂಪು ಕರವಸ್ತ್ರ ತೆಗೆದು ನನ್ನ ಮುಂದಿಟ್ಟರು. ಶುಕ್ರವಾರ ಇಡೀ ದಿನ ಇದನ್ನು ಜೇಬಿನಲ್ಲಿಟ್ಟುಕೊಂಡಿದ್ದೆ, ಹೊರಗೆ ತೆಗೆಯುವ ಧೈರ್ಯ ಬರಲಿಲ್ಲ, ಲಿಫ್ಟಿನಲ್ಲಿ ನಿಮ್ಮನ್ನು ನೋಡಿದಾಗ ಈ ಕಟ್ಟಡದಲ್ಲಿ ಒಬ್ಬನಾದರೂ ಇದ್ದಾನೆ ಎನ್ನಿಸಿತು, ಅದನ್ನು ಹೇಳಲು ಕರೆದೆ ಎಂದರು. ಅದು ಬರ್ಮಾಕ್ಕೇ ತಾನೇ?

ಇದು ಬಲೆಯೇ ಇರಬೇಕು ಎನ್ನಿಸಿತು ನನಗೆ. "ಅಲ್ಲ ಸಾರ್. ಅಮ್ಮನ ಹರಕೆ," ಎಂದೆ.

ಅವರ ಮುಖ ಇಳಿಯಿತು. ಕರವಸ್ತ್ರವನ್ನು ಮಡಿಸಿ ಒಳಗಿಟ್ಟರು. ಆರ್ಕುಟ್‌ನಲ್ಲಿ ಒಂದು ಬಳಗವಿತ್ತು, ಮಗಳು ಸೇರಿಸಿಕೊಟ್ಟಿದ್ದಳು, ಮೈಲಾಪೂರಿನ ಹೋಟೆಲಿನವರೊಬ್ಬರು ರಂಗೂನಿನ ಚಹಾದಂಗಡಿಯವನ ಜೊತೆ ಮಾತಾಡುತ್ತಿದ್ದರು, ದಿನಾ ಓದುತ್ತಿದ್ದೆ ಎಂದರು. ನಿನ್ನೆ ಅದು ಇಲ್ಲವಾಗಿದೆ.

"ನಡೆಸುತ್ತಿದ್ದವನು ಯಾರೋ ಸರ್ಕಾರಿ ನೌಕರ. ರಘು ಎಂದು ಹೆಸರು. ಹೆದರಿ ಓಡಿಹೋದ ಅಂತ ಕಾಣುತ್ತದೆ," ಎಂದು ಹೇಳಿ, ನನ್ನ ಬಡ್ತಿಯ ಕಡತ ಮುಂದಕ್ಕೆಳೆದು ಹೆಸರು ನೋಡಿದರು. ರಘು ಎಂದೇ ಇತ್ತು. "ನಿಮಗೆ ಅಂಥವನು ಯಾರಾದರೂ ಗೊತ್ತೇ?"

"ಗೊತ್ತಿಲ್ಲ ಸಾರ್."

ಅವರು ಸಹಿ ಹಾಕಿದರು. ಅವರು ಏನು ತಿಳಿದುಕೊಂಡರೋ ನನಗೆ ಇವತ್ತಿಗೂ ತಿಳಿಯದು. ಡಿಸೆಂಬರಿನಲ್ಲಿ ಬಡ್ತಿ ಬಂತು. ಕಿಟ್ಟಣ್ಣ ಬಂದವರಿಗೆಲ್ಲ ಕೇಸರಿಬಾತು ಹಂಚಿದರು.

ಅದಕ್ಕೆ ಮುಂಚಿನ ಮಾತು. ಆ ಸೋಮವಾರ ಸಂಜೆ ಹೋಟೆಲಿಗೆ ಹೋಗಲು ಕಾಲು ಬರಲಿಲ್ಲ. ಮಂಗಳವಾರ ಹೋದೆ. ಗಾಂಧಿ ಜಯಂತಿ, ರಜೆ. ಕಿಟ್ಟಣ್ಣ ಪರದೆಯನ್ನು ನೋಡುತ್ತಿರಲಿಲ್ಲ. ನನ್ನನ್ನು ಕಂಡು ಎದ್ದು ಬಂದರು.

"ನಮ್ಮದನ್ನೂ ಕತ್ತರಿಸಿದರು ಮಾರಾಯ್ರೆ, ಆ ಸೇನೆಯವರು. ಮೈಲಾಪೂರಿನ ಹೋಟೆಲಿಗೂ ಹೆದರಿದರು ಅಂದರೆ ನೋಡಿ," ಎಂದರು. ಆಮೇಲೆ, "ಊಟ ಆಯ್ತಾ?"

ಆಯಿತು ಎಂದೆ. ಆಗಿರಲಿಲ್ಲ.

ಅವತ್ತಿನಿಂದ ಹದಿನಾರು ತಿಂಗಳು ಆ ಕಥೆಯನ್ನು ಅವರು ಹೋಟೆಲಿಗೆ ಬಂದ ಪ್ರತಿಯೊಬ್ಬ ಪರಿಚಿತನಿಗೂ ಹೇಳಿದರು. ಸೇನಾಧಿಪತಿಗಳ ಸಭೆ ಸೇರಿತಂತೆ, ಭೂಪಟದಲ್ಲಿ ಮೈಲಾಪೂರನ್ನು ಹುಡುಕಿದರಂತೆ ಎಂದು ಕಥೆ ತಿಂಗಳಿಂದ ತಿಂಗಳಿಗೆ ಬೆಳೆಯಿತು. ನಾನಿದ್ದಾಗಲಂತೂ ತಪ್ಪದೆ ಹೇಳುತ್ತಿದ್ದರು, ನನ್ನ ಕಡೆ ಕೈ ತೋರಿಸಿ, ಇವರ ಇಂಗ್ಲಿಷು ಓದಿಯೇ ಅವರಿಗೆ ನಡುಕ ಹುಟ್ಟಿದ್ದು ಎಂದು ಸೇರಿಸುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನಾನು ಖಾಲಿಯಾದ ಕಾಫಿ ಲೋಟವನ್ನೇ ಮುಖಕ್ಕೆ ಹಿಡಿಯುತ್ತಿದ್ದೆ. ಅದು ಕಂಡರೆ ಅವರು ಇನ್ನೊಂದು ಲೋಟ ತರಿಸುತ್ತಿದ್ದರು. ಹೇಳಿಬಿಡಬೇಕೆಂದು ಎಷ್ಟೋ ಸಲ ಹೊರಟೆ. ಬಾಗಿಲಲ್ಲೇ ಊಟ ಆಯ್ತಾ ಎನ್ನುತ್ತಿದ್ದರು. ಮಾತು ಅಲ್ಲಿಗೆ ಬೇರೆ ದಾರಿ ಹಿಡಿಯುತ್ತಿತ್ತು.

ಹದಿಮೂರನೆಯ ದಿನದ ಊಟ ಮುಗಿದ ಮೇಲೆ ರತ್ನಾವತಿಯಮ್ಮ ನನ್ನನ್ನು ಕರೆದರು. "ನೀವೊಮ್ಮೆ ನೋಡಿ ಹೋಗಿ. ದಿನಾ ಬೆಳಿಗ್ಗೆ ದೀಪ ಹಚ್ಚುವ ಮೊದಲು ಆ ಕಂಪ್ಯೂಟರಿನ ಎದುರು ಕೂತು ಎಂತದೋ ಕುಟ್ಟುತ್ತಿದ್ದ್ರು. ನನಗೆ ಓದಲಿಕ್ಕೆ ಬರುವುದಿಲ್ಲ," ಎಂದರು.

ಪ್ರಣಮ್ಯಾ ಕಂಪ್ಯೂಟರ್ ತೆರೆದಳು. ಆರ್ಕುಟ್‌ನಲ್ಲಿ ಇನ್ನೊಂದು ಬಳಗ. ಯಜಮಾನರು ಕಿಟ್ಟಣ್ಣ. ಹುಟ್ಟಿದ ದಿನ 2007ರ ಅಕ್ಟೋಬರ್ ಎರಡು, ನನಗೆ ಅವರು ಸೇನೆಯವರ ಕಥೆ ಹೇಳಿದ ಅದೇ ದಿನ. ಹೆಸರು, ಅವರ ಇಂಗ್ಲಿಷಿನಲ್ಲಿ, 'ಟಿನ್ನಣ್ಣ ಇಲ್ಲಿ ಬಾ'. ಸದಸ್ಯರು ಒಬ್ಬರು, ಅವರೇ.

ನಾನು ಪ್ರಣಮ್ಯಾಳ ಮುಖ ನೋಡಿದೆ.

"ಓನರ್ ಬಿಟ್ಟು ಬೇರೆ ಯಾರೂ ಡಿಲೀಟ್ ಮಾಡೋಕೆ ಆಗಲ್ಲ ಅಂತ ಆ ಸೋಮವಾರವೇ ಹೇಳಿದೆ ಅಂಕಲ್," ಎಂದಳು. "ಅಪ್ಪ ಒಂದೇ ಕೇಳಿದ್ರು, ಹೊಸದು ಮಾಡೋದು ಹೇಗೆ ಅಂತ. ರಘು ಸಾರ್‌ಗೆ ಹೇಳ್ಬೇಡ ಅಂದ್ರು."

ಧ್ಯೇಯೋದ್ದೇಶದ ಜಾಗದಲ್ಲಿ ನಾಲ್ಕು ಸಾಲುಗಳಿದ್ದವು. ಅವರ ಒಂದು ಬೆರಳಿನ ಇಂಗ್ಲಿಷನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ: ಹಳೆಯ ಬಳಗ ಮುಚ್ಚಿದೆ. ನನ್ನ ಸ್ನೇಹಿತರೊಬ್ಬರಿಗೆ ಸರ್ಕಾರಿ ಕೆಲಸ, ಪ್ರಮೋಷನ್ ಉಂಟು, ಅವರನ್ನು ಯಾರೂ ಕೇಳಬಾರದು, ಒಳ್ಳೆಯ ಮನುಷ್ಯ. ಈ ಬಳಗದಲ್ಲಿ ದೊಡ್ಡ ಇಂಗ್ಲಿಷ್ ಇಲ್ಲ. ಊಟ ಮಾತ್ರ.

ಅದರ ಕೆಳಗೆ ದಿನಕ್ಕೊಂದರಂತೆ ನಾನೂರ ತೊಂಬತ್ತು ಚಿಲ್ಲರೆ ಸಾಲುಗಳು. ಪ್ರತಿಯೊಂದರಲ್ಲೂ ಆ ದಿನದ ತಿಂಡಿ, ಮತ್ತೆ ಆ ಪ್ರಶ್ನೆ. ಇವತ್ತು ಪೊಂಗಲ್, ಟಿನ್ನಣ್ಣ ಊಟ ಆಯಿತೇ. ಇವತ್ತು ಸೆಟ್ ದೋಸೆ, ಅಮ್ಮನಿಗೆ ಊಟ ಆಯಿತೇ. ಇವತ್ತು ಮಳೆ, ಹಿಟ್ಟು ಹುಳಿ ಬಂದಿಲ್ಲ. ಇವತ್ತು ಕೇಸರಿಬಾತು, ರಘು ಸಾರಿಗೆ ಪ್ರಮೋಷನ್ ಆಯಿತು. ಉತ್ತರ ಒಂದೂ ಇರಲಿಲ್ಲ. ಪ್ರಣಮ್ಯಾ ಪುಟಗಳನ್ನು ಮುಂದಕ್ಕೆ ಸರಿಸುತ್ತ ಹೋದಳು. ನಾನು ಕಿಟ್ಟಣ್ಣನ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಓದಿದೆ. ಓದಲು ಒಂದೂವರೆ ಗಂಟೆ ಹಿಡಿಯಿತು.

ಕೊನೆಯದರ ಪಕ್ಕ ದಿನಾಂಕ ಫೆಬ್ರವರಿ ಹನ್ನೊಂದು, ಹೊತ್ತು ಬೆಳಿಗ್ಗೆ ಐದೂ ಐವತ್ತೆರಡು. ಒಳಗೆ ಇಡ್ಲಿಯ ಹಬೆ ಬಂದಿತ್ತಂತೆ, ಬಾಗಿಲು ಇನ್ನೂ ತೆರೆದಿರಲಿಲ್ಲವಂತೆ. ಅವರು ಒಂದು ಬೆರಳಿನಲ್ಲಿ ಬರೆದಿದ್ದರು: ಇವತ್ತು ರವೆ ಇಡ್ಲಿ, ಕೆಂಪು ಚಟ್ನಿ. ಟಿನ್ನಣ್ಣ, ಊಟ ಆಯಿತೇ.